ಮಜ್ಜಿಗ್ಯಾಗ ಅದ್ದಿದ ಕುಡಗೋಲು

ಕುಡಗೋಲು ಕೆಂಪಗ ಕಾದಿತ್ತು.

ಹಂಪಮ್ಮ ಅದನ್ನ ಹಿತ್ತಲ ಒಲಿಯಿಂದ ಇಕ್ಕಳದಾಗ ಹಿಡದು ತಗದಳು. ಒಮ್ಮಿ ಕಣ್ಣಿನ ಹತ್ತರ ತಂದು ನೋಡಿ, ಪಕ್ಕದಾಗಿದ್ದ ತಂಬಗಿಯೊಳಗ ಅದ್ದಿದಳು. ಚುಂಯ್ ಅಂತು. ಹಬಿ ಆಕಿ ಮಾರಿ ತುಂಬ ಏರಿತು. ನಾನು ಹೊಟ್ಟಿನ ಚೀಲದ ಹಿಂದ ಕುಕ್ಕರಗಾಲಿಲೆ ಕೂತು, ಸೀನು ಬಂದ್ರ ಕೆಲಸ ಕೆಟ್ಟೀತು ಅಂತ ಮೂಗು ಹಿಡಕೊಂಡಿದ್ದೆ.

"ಶಿವನ, ನನ್ನ ಕೂಸಿಗಿ ರಕ್ತ ಕೊಡಪ್ಪಾ," ಅಂದಳು ಮುದುಕಿ. ಅಂದು ಮತ್ತೊಮ್ಮಿ ಅದ್ದಿದಳು.

ಈ ವಾರನ ನಮ್ಮ ಜೋಡಿ ಕೂಡಿದವರಿಗಿ ಒಂದ ಮಾತು ಹೇಳಿಬಿಡತೀನಿ: ಪೋತ್ನಾಳದ ರೈಸ್ ಮಿಲ್ಲಿನ ಪ್ರಭುರಾಜರ ಮಗಳು ಯಶೋದಾಗ ಮೈಯಾಗ ರಕ್ತ ಹುಟ್ಟದಂಥ ಬ್ಯಾನಿ, ಅದರ ಮ್ಯಾಲ ಕಬ್ಬಿಣ ಏರಾಕತ್ತದ, ಮನ್ಯಾಗ ಯಾರೋ ಅದನ್ನ ತಿನಸಾಕತ್ತಾರ ಅಂತ ಆಕಿ ಅಣ್ಣ ಅಂಬರೀಶ ನನ್ನ ಕರಸ್ಯಾನ.

ನಾನು ಶೈಲಶ್ರೀ. ರಾಯಚೂರಿನ ತೀನ್ ಕಂದೀಲ್ ಹತ್ತರ ಬೋರ್ಡ್ ಹಾಕೊಂಡು ಕೂತಾಕಿ. ನನ್ನ ಖರೇ ಕೆಲಸ ಲಗ್ನದ ವಿಚಾರಣಿ. ವರ ಕುಡೀತಾನೇನು, ಹುಡುಗಿಗಿ ಮೊದಲ ಎಲ್ಲ್ಯಾರ ಮಾತಾಗಿತ್ತೇನು, ಅತ್ತಿ ಬಾಯಿ ಎಂಥಾದ್ದು, ಇಂಥಾವ. ಕೊಲಿ ಗಿಲಿ ನನ್ನ ಹೊಸ್ತಿಲ ತುಳದಿದ್ದಿಲ್ಲ. ಅಂಬರೀಶ ಬಂದು "ನನ್ನ ತಂಗೀನ ಯಾರೋ ನಿಧಾನಕ ಕೊಲ್ಲಾಕತ್ತಾರ್ರಿ ಮೇಡಂ" ಅಂದಾಗ ಕೈಯಾಗಿನ ಚಾ ಕುಡಿಯಾಕ ಆಗಲಿಲ್ಲ ನನಗ. ಆತನ ಮಾರಿ ಹಂಗಿತ್ತು.

ಮನಿಮಂದಿಗಿ ನಾನು ಡಾಕ್ಟ್ರು ಕಳಿಸಿದ ಪಥ್ಯದ ಮೇಡಂ. ಅಡಗಿ ಮನ್ಯಾಗ ಮೂಗು ತೂರಸಾಕ ಇದಕ್ಕಿಂತ ಚಲೋ ನೆವ ಇಲ್ಲ.

ನಿನ್ನಿ ತನಕ ನನ್ನ ಅನುಮಾನ ದೇವದುರ್ಗದ ಮ್ಯಾಲಿತ್ತು. ಅಲ್ಲಿ ಹನುಮಂತಮ್ಮ ಅಂತ, ಅಂಬರೀಶಗ ಗೊತ್ತು ಮಾಡಿದ ಹುಡುಗಿ ಸ್ವಪ್ನಾನ ತಾಯಿ. ಆಕಿ ವಾರಕ್ಕೊಮ್ಮಿ ಯಶೋದಾಗ ಅಂತ ಎಳ್ಳುಂಡಿ ಕಳಸ್ತಿದ್ಲು. ಬೀಗರ ಮನಿ ಉಂಡಿ ಅಂದ್ರ ನನಗ ವೃತ್ತಿಯಿಂದಾನ ಸಂಶೆ. ಹೋಗಿ ಕುಂತೆ. ಚಾ ಕೊಟ್ಲು, ಉಂಡಿ ಕೊಟ್ಲು, ಬಾಜೂಕ ಕೂತು ನನ್ನ ಮುಂಗೈ ಹಿಡದು ಬಳಿ ಒಂದೊಂದಾ ತಿರುವಿಕೋಂತ ಮಾತಾಡಿದ್ಲು. ಅದು ಆಕಿ ಚಾಳಿ. ಎಳೀ ಕೂಸಿನ ಕೈ ಹಿಡದಂಗ ಹಿಡೀತಾಳ.

"ಮೇಡಂ, ಎಲುಬಿನೊಳಗಿಂದ ತಗದ್ರ ಅದು ತಿರುಗಿ ತುಂಬತದೇನ್ರಿ?" ಅಂತ ಕೇಳಿದ್ಲು.

"ತುಂಬತದಂತ್ರಿ," ಅಂದೆ.

"ಅಂತ ಅಂತೀರಿ. ಕಂಡವರ್ಯಾರು?" ಅಂದ್ಲು. ತಂಗಿಗಿ ಎಲುಬಿನ ಮಜ್ಜಿ ಕೊಡಾಕ ನಿಂತ ಅಂಬರೀಶಗ ಒಬ್ಬಾಕೀನ ಮಗಳನ್ನ ಕೊಡೋ ತಾಯಿ, ಅಂಜಿಕಿ ಇರೂದಾ ಅಂತ ನಾನೂ ಬಿಟ್ಟೆ. ಉಂಡಿ ಡಾಕ್ಟ್ರಿಗಿ ತೋರಿಸಿದ್ರ "ಎಳ್ಳಿನಿಂದ ಇಷ್ಟು ಏರಂಗಿಲ್ಲ ಬಿಡ್ರಿ" ಅಂದ್ರು. ಉಳಿದ ಉಂಡಿ ನನ್ನ ಕಾರ್ ನಡಸೋ ಪರ್ವೇಜ್ ತಿಂದು ಮುಗಿಸಿದ.

ಈಗ ಇಲ್ಲಿ, ಯಶೋದಾನ ಅಜ್ಜಿ ಕೈಯಾಗ, ಕಣ್ಣೆದುರಿಗಿ, ಕಬ್ಬಿಣ ಸಿಕ್ಕಿತ್ತು. ನಾನು ಎದ್ದು ನಿಂತೆ.

"ಯವ್ವಾ."

ಹಂಪಮ್ಮ ಹೌಹಾರಿದಳು. ಕುಡಗೋಲು ಸೆರಗಿನ್ಯಾಗ ಮುಚ್ಚಾಕ ಹೋದಳು. ಅದಿನ್ನೂ ಬಿಸಿ ಇತ್ತು, ಸೆರಗು ಹೊಗಿಯಾಡಾಕತ್ತಿತು. ನಾನಾ ಓಡಿ ಹೋಗಿ ಕಸಗೊಂಡು, ಸೆರಗು ತಿಕ್ಕಿ ಆರಿಸಿದೆ. ನೋಡ್ರಿ ನನ್ನ ಹಣೇಬರಾ, ಕಳ್ಳರನ್ನ ಹಿಡಿಯಾಕ ಬಂದು ಕಳ್ಳರ ಸೀರಿ ಉಳಿಸಿಕೋಂತ ಕೂತೆ.

"ಏನಿದು?"

"ಏನಿಲ್ಲ ತಂಗಿ. ಕುಡಗೋಲಿಗಿ ಹದ ಕೊಡಾಕತ್ತಿದ್ದೆ."

"ಮಜ್ಜಿಗ್ಯಾಗ?"

ಮುದುಕಿ ತಂಬಗಿ ತನ್ನ ಹಿಂದಕ ಸರಿಸಿದಳು.

"ಕುಡಗೋಲಿಗಿ ಮಜ್ಜಿಗಿ ಯಾಕ ಬೇಕಾತು ಯವ್ವಾ? ಅದಕೇನು ಹೊಟ್ಟಿ ಉರಿಯಾಕತ್ತದೇನು?"

ಆಕಿ ತಂಬಗಿ ಎತ್ತಿ ಎದಿಗಿ ಅವಚಿಕೊಂಡಳು. ತಳದಾಗ ಕರೀ ಕಿಟ್ಟ ಕೂತಿದ್ದು ನನಗ ಕಾಣಸ್ತಿತ್ತು. ಯಶೋದಾನ ಖೋಲ್ಯಾಗ ದಿನಾ ನಾನು ನೋಡತಿದ್ದ ಲೋಟಾದ ತಳದಾಗೂ ಇದಾ ಕರೀ ಕಲಿ ಇತ್ತು.

"ಯಶೋದಾಗ," ಅಂದಳು ಕಡೀಕ. "ದಿನಾ ಮುಂಜಾನಿ ಕೊಡತೀನಿ. ಆಕೀಗಿ ಮೊದಲ ಸಲ ರಕ್ತ ಏರಿಸಿಕೊಂಡು ಬಂದಾಗಿಂದ. ನೀ ಬೈತಿ ಅಂತ ಹೇಳಲಿಲ್ಲ."

ಸಿಟ್ಟು ನೆತ್ತಿಗೇರಿತು ನನಗ. ಮನಿ ತುಂಬ ಡಾಕ್ಟ್ರು ಬರದಿದ್ದು ಹಚ್ಯಾರ, ಬೆಲ್ಲ ಸೈತ ಅಳದು ಹಾಕತಾರ, ಈಕಿ ಹಿತ್ತಲದಾಗ ಕೂತು ಕಬ್ಬಿಣ ಕುಡಸ್ತಾಳ! ಬೈಯಬೇಕು ಅಂತ ಬಾಯಿ ತಗದೆ. ಆಕಿ ಕೈ ಕಂಡವು. ಬೆರಳ ತುಂಬ ಕಿಡಿ ಹಾರಿ ಸುಟ್ಟ ಕಲಿ, ಒಂದು ಹಳೇದು, ಒಂದು ಹೊಸಾದು.

"ಯಾಕ ಯವ್ವಾ?" ಅಂದೆ.

"ನನ್ನ ಮಗ ಪ್ರಭು ಹುಟ್ಟಿದಾಗ ನನಗ ರಕ್ತ ನಿಲ್ಲಲೇ ಇಲ್ಲ. ಮೈ ಬಿಳೀ ಅರಿವಿ ಆಗಿತ್ತು. ಎಲ್ಲಾರೂ ಆಸಿ ಬಿಟ್ಟಿದ್ರು. ನಮ್ಮತ್ತಿ ಇದಾ ಕುಡಗೋಲು ಕಾಸಿ ಮಜ್ಜಿಗ್ಯಾಗ ಅದ್ದಿ ಕುಡಿಸಿದ್ಲು. ಬರಬರತ ನಾ ಎದ್ದು ಕೂತೆ." ಆಕಿ ಕುಡಗೋಲಿನ ಹಿಡಿಕಿ ಸವರಿದಳು. "ಹೆರಿಗ್ಯಾಗ ಸೊಸೀನ ಉಳಿಸಿಕೊಳ್ಳಾಕ ಆಗಲಿಲ್ಲ ನನಗ. ಆಕಿ ಈ ಕೂಸನ್ನ ನನ್ನ ಉಡ್ಯಾಗ ಹಾಕಿ ಹೋದ್ಲು. ನನಗ ಫಲಿಸಿದ್ದು ಈಕೀಗಿ ಯಾಕ ಫಲಿಸಬಾರದು?"

ಮುದುಕಿ ಹೇಳಿದ್ದರಾಗ ಸುಳ್ಳಿರಲಿಲ್ಲ. ರಕ್ತ ಹರದು ಹೋದವರಿಗಿ ಕಬ್ಬಿಣ ಬೇಕಾ ಬೇಕು. ತಪ್ಪಿದ್ದು ಎಲ್ಲಿ ಅಂದ್ರ, ಅದಾ ಮದ್ದು ಈ ಬ್ಯಾನಿಗಿ ವಿಷ.

ಇದನ್ನ ನನಗ ರಾಯಚೂರಿನ ಡಾಕ್ಟ್ರು ಮಲ್ಲೇಶ್ವರಿ ತಿಳಿಸಿದ್ರು. "ಎಲುಬಿನೊಳಗ ಮೆತ್ತಗ ಮಜ್ಜಿ ಅಂತ ಇರತದ, ರಕ್ತ ಹುಟ್ಟೋದಾ ಅಲ್ಲಿ" ಅಂದ್ರು. ಪರ್ವೇಜ್ ಬಾಗಲದಾಗ ನಿಂತು "ನಲ್ಲಿ ಎಲುಬು ಅನ್ರಿ ಮೇಡಂ, ಕುರಿ ಕಾಲಿನ ಪಾಯಾದಾಗ ಹೀರತೀವಲ್ಲ!" ಅಂದುಬಿಟ್ಟ. ಡಾಕ್ಟ್ರು ನಕ್ಕು "ಹೂಂನಪಾ, ಅದಾ" ಅಂದ್ರು. ಈಗ ಲಿಂಗ ಕಟಗೊಂಡ ಈ ಮುದುಕಿಗಿ ಪಾಯಾದ ಮಾತು ಹೇಳಾಕ ಬರತದೇನು?

"ಯವ್ವಾ, ನಿಮ್ಮ ಕೆಳಗಿನ ಹೊಲ ಸವಳಾತು ಅಂದಿದ್ಯಲ್ಲ, ಯಾಕಾತು?"

ಹಂಪಮ್ಮಗ ಎಲ್ಲಿಂದೆಲ್ಲಿಗಿ ಅನಿಸಿರಬೇಕು. "ಕಾಲುವಿ ನೀರು ಬಂದ ಮ್ಯಾಲ ಆತು. ನೀರು ಕಾಣದ ಮಂದಿ, ಆಸಿಲೆ ಬಿಟ್ಟಿದ್ದಾ ಬಿಟ್ಟಿದ್ದು. ನಿಂತು ನಿಂತು ಉಪ್ಪು ಮ್ಯಾಲ ಬಂತು. ಈಗ ಕಸಾನೂ ಹುಟ್ಟೂದಿಲ್ಲ."

"ನೀರಿಲ್ಲದ ನೆಲ್ಲು ಬರತದೇನು?"

"ಹುಚ್ಚಿ, ಹ್ಯಾಂಗ ಬರತದ?"

"ಮತ್ತ ಅದಾ ನೀರು ಹೊಲ ತಿಂತಲ್ಲ."

ಆಕಿ ನನ್ನ ನೋಡಿದಳು.

"ಯಶೋದಾನ ಎಲುಬಿನೊಳಗಿನ ಹೊಲದಾಗ ಮೊದಲಾ ಬೀಜ ಕಡಿಮಿ ಯವ್ವಾ. ಅದಕ ಹೊರಗಿನ ರಕ್ತ ಏರಸ್ತಾರ. ಆ ರಕ್ತದ ಜೋಡಿ ಕಬ್ಬಿಣಾನೂ ಬರತದ. ಮೈಯಿಗಿ ಹೆಚ್ಚಿಂದು ಹೊರಗ ಚೆಲ್ಲಾಕ ಬರಂಗಿಲ್ಲ. ಎದ್ಯಾಗ, ಯಕೃತ್ತಿನ್ಯಾಗ ಕೂಡತದ, ಮಜ್ಜ್ಯಾಗೂ ಕೂಡತದ. ರಕ್ತ ಹಡಿಯೋ ತಾಯಿ ಕಣಗಳು ನಾಕಾರ ಉಳದಿರತಾವಲ್ಲ, ಅವನ್ನೂ ಸುಡತದ, ಅವು ಬೇರು ಬಿಡೋ ಮಣ್ಣನ್ನೂ ಕೆಡಸತದ. ರಕ್ತ ಇನ್ನಷ್ಟು ಕಡಿಮಿ ಆಗತದ, ಮತ್ತ ಏರಿಸಬೇಕಾಗತದ, ಮತ್ತ ಕಬ್ಬಿಣ."

"ಅಂಬರೀಶ ದಿನಾ ಕಲಸಿ ಕೊಡತಾನಲ್ಲ, ಆ ಬಿಳೀ ಗುಳಿಗಿ?"

"ಅದು ಸವಳು ತೊಳಿಯೋ ಗುಳಿಗಿ. ಕಬ್ಬಿಣ ಹಿಡಕೊಂಡು ಹೊರಗ ಒಯ್ಯತದ. ಅಣ್ಣನ ಮಜ್ಜಿ ತಂದು ತಂಗಿಗಿ ಬಿತ್ತಬೇಕಂದ್ರ ಮೊದಲ ಸವಳು ಇಳೀಬೇಕು. ಬರೋ ತಪಾಸಣ್ಯಾಗೂ ಇಳೀಲಿಲ್ಲಂದ್ರ ಹೈದರಾಬಾದಿನ ದವಾಖಾನಿಯವರು ಈಗ ಆಗೂದಿಲ್ಲ ಅಂತಾರ. ಆಮ್ಯಾಲ ಆಕೀಗಿ ಅಷ್ಟು ಟೈಮ್ ಅದನೋ ಇಲ್ಲೋ, ಡಾಕ್ಟ್ರೂ ಹೇಳವಲ್ರು."

ಹಂಪಮ್ಮ ಕೂತಲ್ಲೇ ಇನ್ನಷ್ಟು ಕುಸದಳು.

"ಅಂದ್ರ ಮೊಮ್ಮಗ ಮುಂಜಾನಿ ತಗೀತಾನ," ಅಂದಳು, "ಅಜ್ಜಿ ಹಿಂದಿಂದ ತುಂಬತಾಳ."

ಆಕಿ ಎದ್ದು ತಂಬಗಿ ಒಲಿ ಮ್ಯಾಲ ಸುರುವಿದಳು. ಬೆಂಕಿ ಆರಿತು. ಕುಡಗೋಲು ನನ್ನ ಕೈಗಿ ಕೊಟ್ಟು "ಒಯ್ಯಿ. ನನ್ನ ಕಣ್ಣಿಗಿ ಬೀಳದಂಗ ಒಯ್ಯಿ," ಅಂದು, ಅಲ್ಲೇ ನಿಂತು ಸಣ್ಣ ಹುಡುಗೀಗತೆ ಅಳಾಕ ಹತ್ತಿದಳು. ನಾನು ಹೋಗಿ ತಬಗೊಂಡೆ. ಹೊಗಿ ವಾಸನಿ, ವಿಭೂತಿ ವಾಸನಿ. ನನಗೂ ಕಣ್ಣಾಗ ನೀರು ಬಂತು, ಹೊಗಿ ಮ್ಯಾಲ ಹಾಕಿ ಒರಸಿಕೊಂಡೆ.

ಕೇಸ್ ಮುಗೀತು ಅಂತನಾ ಅನಕೊಂಡೆ ಖರೇ ಅಂದ್ರ. ಪರ್ವೇಜಗ ಗಾಡಿ ತಿರುವು ಅಂತ ಹೇಳಾಕ ಫೋನೂ ತಗದಿದ್ದೆ. ಆಗ ಮುದುಕಿ ಮೂಗು ಒರಸಿಕೋಂತ ಒಂದು ಮಾತಂದ್ಲು.

"ನೀ ಬ್ಯಾಡ ಅಂದಿ. ಆ ನರ್ಸವ್ವ ಮಾತ್ರ 'ಭಾಳ ಚಲೋ ಯವ್ವಾ, ಬಿಡಬ್ಯಾಡ' ಅಂದಿದ್ಲು."

"ಯಾವ ನರ್ಸವ್ವ?"

"ರಾಯಚೂರು ದವಾಖಾನಿಯಿಂದ ಬಂದಿದ್ಲಲ್ಲ. ಅಪ್ಪ ಮಗ ಮಿಲ್ಲಿಗಿ ಹೋದ ಮ್ಯಾಲ. ಕುಡಗೋಲಿಂದು ಆಕೀಗಿ ಒಬ್ಬಾಕೀಗೇ ಹೇಳಿದ್ದೆ. ಚಾ ಕುಡದ್ಲು, ಯಶೋದಾನ ಖೋಲ್ಯಾಗ ಭಾಳ ಹೊತ್ತು ಕೂತು ಮಾತಾಡಿಸಿ ಹೋದ್ಲು. ಕಕ್ಕುಲಾತಿ ಹೆಣಮಗಳು."

"ನೋಡಾಕ ಹ್ಯಾಂಗಿದ್ಲು?"

"ನನ್ನ ಕೇಳತಿಯಲ್ಲ! ಒಂದು ಕಣ್ಣಾಗ ಪೊರಿ, ಇನ್ನೊಂದರಾಗ ಬರೇ ನೀರು. ಮ್ಯಾಲ ಆಕೀಗಿ ಮಾಸ್ಕ್ ಬ್ಯಾರೆ. ನಾ ಮಂದೀನ ಗುರುತು ಹಿಡಿಯೋದು ದನಿ ಮ್ಯಾಲ."

ಮಾಸ್ಕ್ ಇದ್ದಿದ್ದು ದೊಡ್ಡ ಮಾತಲ್ಲ. ಯಶೋದಾಗ ಯಾವ ರೋಗ ಬಂದ್ರೂ ತಡಕೊಳ್ಳೋ ಶಕ್ತಿ ಇಲ್ಲ, ಆಕಿ ಖೋಲಿಗಿ ಯಾರು ಹೋದ್ರೂ ಮಾಸ್ಕ್ ಹಾಕ್ಕೊಂಡಾ ಹೋಗಬೇಕು. ನನ್ನ ತಲಿ ಹಿಡದಿದ್ದು ಬ್ಯಾರೆ. ಆ ವಾರ್ಡಿನ ಯಾವ ನರ್ಸ್ ಆದ್ರೂ ಕಬ್ಬಿಣ ಕಾಸಿದ ಮಜ್ಜಿಗಿ ಅಂದ ಕೂಡಲೇ ಚೀರಾಡಿ ಮನಿ ಎಬ್ಬಸ್ತಿದ್ಲು. ಬಿಡಬ್ಯಾಡ ಅಂದಾಕಿ ನರ್ಸ್ ಅಲ್ಲ. ಆಕೀಗಿ ಕಬ್ಬಿಣ ಏರಬೇಕಾಗಿತ್ತು.

ಡಾಕ್ಟ್ರಿಗಿ ಫೋನ್ ಹಚ್ಚಿದೆ.

"ನಾವು ಯಾರನ್ನೂ ಮನಿಗಿ ಕಳಿಸಿಲ್ಲ," ಅಂದ್ರು ಮಲ್ಲೇಶ್ವರಿ. "ಮಜ್ಜಿಗಿ ನಿಲ್ಲಿಸಿದ್ದು ಚಲೋ ಮಾಡಿದ್ರಿ. ಅದು ಕೂಡತದ, ಖರೆ. ಆದ್ರ ಅದೊಂದರಿಂದಾನ ಇಷ್ಟು ಏರಂಗಿಲ್ಲ ಶೈಲಶ್ರೀ. ಗುಳಿಗಿ ಹೊಟ್ಯಾಗ ಹೋಗಾಕತ್ತಿದ್ರ ಲೆಕ್ಕ ಇಳೀಲೇಬೇಕಿತ್ತು."

"ಅಂಬರೀಶ ತನ್ನ ಕೈಯಾರ ಕಲಸಿ ಕೊಡತಾನಲ್ರಿ."

"ಕೊಡೂದು ಬ್ಯಾರೆ, ಕುಡಿಯೂದು ಬ್ಯಾರೆ."

ಒಂದು ಕ್ಷಣ ನನಗ ಅಂಬರೀಶನ ಮ್ಯಾಲನಾ ಸಂಶೆ ಬಂತು. ಬೇಲಿನಾ ಎದ್ದು ಹೊಲ ಮೇಯ್ದ ಕೇಸ್ ಎಷ್ಟು ನೋಡಿಲ್ಲ ನಾನು! ಲಗ್ನ ಎದುರಿಗಿ ಬಂದಾಗ ಎಲುಬು ಕೊರಸಿಕೊಳ್ಳಾಕ ಯಾವ ಗಂಡಸಿಗಿ ಅಂಜಿಕಿ ಬರಂಗಿಲ್ಲ? ಮಾಸ್ಕ್ ಹಾಕ್ಕೊಂಡು ಸೀದಾ ಯಶೋದಾನ ಖೋಲಿಗಿ ಹೋದೆ.

ಅಂಬರೀಶ ಅಲ್ಲೇ ಇದ್ದ, ಹಾಸಿಗಿ ತುದೀಗಿ ಕೂತು ಗಾಜಿನ ಗ್ಲಾಸಿನ್ಯಾಗ ಗುಳಿಗಿ ಕಲಸಾಕತ್ತಿದ್ದ. ನೀರು ಸುಣ್ಣದ ತಿಳಿಯಂಗ ಬೆಳ್ಳಗಾಗಿತ್ತು. ಇಂಥ ಬಿಸಲಾಗೂ ತುಂಬ ತೋಳಿನ ಅಂಗಿ, ಗುಂಡಿ ಮುಂಗೈ ತನಕ ಹಾಕ್ಕೊಂಡಿದ್ದ. ಮದುಮಗ ಆಗಾಕತ್ತಾನ, ಕರ್ರಗಾದೇನು ಅಂತ ಅಂಜಿಕಿ ಇರಬೇಕು ಅಂತ ನಾನು ಮನಸಿನ್ಯಾಗ ನಕ್ಕೆ.

"ಕುಡಿಬೇ ಯಶೂ. ನನ್ನ ಮಜ್ಜಿ ಬಂತಂದ್ರ ನನ್ನ ಬುದ್ಧೀನೂ ನಿನಗ ಬರತದ ನೋಡು."

"ಬ್ಯಾಡೋ ಯಪ್ಪಾ," ಅಂದಳು ಯಶೋದಾ. "ನನಗ ಇರೋದಾ ಸಾಕು. ನಿಂದು ಸ್ವಪ್ನಾ ವೈನಿಗಿ ಇರಲಿ, ಆಕೀಗಿ ಸಾಲಂಗಿಲ್ಲ."

ಇಬ್ಬರೂ ನಕ್ಕರು. ಆಕಿ ಕೈ ಸಣಕಲ ಕಡ್ಡಿ, ತೋಳ ತುಂಬ ಈ ಬ್ಯಾನಿ ಎಬ್ಬಿಸಿದ ನೀಲಿ ಕಲಿ. ಗಾಜಿನ ಬಳಿ ಒಡದು ಗಾಯ ಆದ್ರ ರಕ್ತ ನಿಲ್ಲಂಗಿಲ್ಲ ಅಂತ ಪ್ಲಾಸ್ಟಿಕ್ ಬಳಿ ಹಾಕ್ಯಾರ, ಹಸರಂದು, ಅವೂ ಮೊಣಕೈ ತನಕ ಜಾರಿ ಹೋಗತಾವ. ಅಂಬರೀಶ ಗ್ಲಾಸ್ ಆಕಿ ಕೈಯಾಗಿಟ್ಟು, ಅದರ ಮ್ಯಾಲ ತನ್ನ ಕೈ ಒಂಚೂರು ಹೊತ್ತು ಇಟ್ಟಿದ್ದ. ಇವನ ಮ್ಯಾಲ ಸಂಶೆ ಪಟ್ಟ ನನ್ನ ಬಾಯಿಗಿ ಮಣ್ಣು ಹಾಕಬೇಕು ಅನಿಸಿತು.

"ಮೇಡಂ, ಇವತ್ತ ಅತ್ತಿಯವರು ಮನಿ ನೋಡಾಕ ಬರಾಕತ್ತಾರ್ರಿ, ಮೊದಲ ಸಲ. ನಿಶ್ಚಯ ದೇವದುರ್ಗದಾಗ ಆತಲ್ಲ, ಇವಳಿಗೂ ಅಜ್ಜೀಗೂ ಬರಾಕ ಆಗಿದ್ದಿಲ್ಲ. ಇವಳನ್ನ ನೋಡಿಲ್ಲ ಅವರು." ಮಿಲ್ಲಿನ ಗೇಟಿಗಿ ಕಾರಿನ ಹಾರ್ನ್ ಕೇಳಿಸಿತು. ಅಂಬರೀಶ ಎದ್ದು ಓಡಿದ.

ಖೋಲ್ಯಾಗ ನಾವಿಬ್ಬರಾ ಉಳದ್ವಿ. ಯಶೋದಾ ಗ್ಲಾಸ್ ಹಿಡಕೊಂಡು ಕಿಟಕಿ ಕಡೆ ನೋಡಿದಳು. ಆಮ್ಯಾಲ ನನ್ನ ನೋಡಿದಳು. ಮತ್ತ ಕಿಟಕಿ. ಕಿಟಕಿ ಹೊರಗ ಮಲ್ಲಿಗಿ ಕುಂಡ ಇತ್ತು. ಬಗ್ಗಿ ನೋಡಿದೆ. ಮಣ್ಣಿನ ಮ್ಯಾಲ ಬಿಳೀ ಹೆಪ್ಪು, ಗೋಡಿಗಿ ಸುಣ್ಣ ಹೊಡಿವಾಗ ಕೆಳಗ ಸುರದಂಗ.

"ಮಲ್ಲಿಗಿಗಿ ಇವತ್ತ ಬ್ಯಾಡವ್ವಾ," ಅಂದೆ.

ಆಕಿ ಗ್ಲಾಸ್ ತನ್ನ ಕಡೆ ಎಳಕೊಂಡಳು.

"ಅಣ್ಣಗ ಹೇಳಬ್ಯಾಡ್ರಿ ಅಕ್ಕಾರ."

"ಯಾಕ ಚೆಲ್ಲತಿ? ಬದುಕೋ ಆಸಿ ಇಲ್ಲೇನು ನಿನಗ?"

"ಅದ. ಭಾಳ ಅದ್ರಿ." ಕಣ್ಣೀರು ಗಲ್ಲದ ಮ್ಯಾಲ ಇಳದ್ವು. "ಅಣ್ಣನ ಲಗ್ನದಾಗ ಆರತಿ ಹಿಡೀಬೇಕು ಅಂತ ಸೀರಿ ಸೈತ ಆರಿಸಿಟ್ಟೀನಿ. ಆದ್ರ ಆತನ್ನ ತಿಂದು ಬದುಕಲೇನ್ರಿ? ಅಣ್ಣನ ರಕ್ತದಾಗೂ ನನ್ನ ಬ್ಯಾನಿ ಶುರು ಆಗ್ಯದಂತ. ಈಗ ಮಜ್ಜಿ ತಗದ್ರ ಆತನೂ ನನ್ನಂಗ ಹಾಸಿಗಿ ಹಿಡೀತಾನಂತ."

"ಯಾರಂದ್ರು?"

"ನರ್ಸವ್ವ. ಬ್ಯಾಡ ಅಂದ್ರ ಅಣ್ಣ ಕೇಳಾವಲ್ಲ. ನನ್ನ ಕಬ್ಬಿಣ ಇಳೀಲಿಲ್ಲಂದ್ರ ಡಾಕ್ಟ್ರಾ ಬ್ಯಾಡ ಅಂತಾರ. ಆಗ ಯಾರ ಮ್ಯಾಲೂ ತಪ್ಪು ಬರಂಗಿಲ್ಲ. ಅಜ್ಜಿ ಮಜ್ಜಿಗ್ಯಾಗ ಕಬ್ಬಿಣದ ವಾಸನಿ ಬರತಿತ್ತು, ಗೊತ್ತಾಗತಿತ್ತು ನನಗ. ಅಷ್ಟು ಪ್ರೀತಿಲೆ ತಂದು ಕೊಡತಾಳ, ಕುಡದುಬಿಡತಿದ್ದೆ."

ಒಬ್ಬಾಕಿ ತಿಳೀದ ಕಬ್ಬಿಣ ಕುಡಸ್ತಾಳ, ಇನ್ನೊಬ್ಬಾಕಿ ತಿಳಿದೂ ತಿಳಿದೂ ಕುಡೀತಾಳ, ಇಬ್ಬರಿಗೂ ಪ್ರೀತೀನಾ ಕಾರಣ. ಇಂಥವರನ್ನ ಹಿಡದು ಯಾವ ಪೊಲೀಸರಿಗಿ ಕೊಡಲಿ?

"ಸುಳ್ಳದು ಯಶೋದಾ. ಹೊಂದಾಣಿಕಿ ನೋಡುವಾಗ ನಿಮ್ಮಣ್ಣನ ರಕ್ತ ಎಲ್ಲಾ ತಪಾಸ್ ಮಾಡ್ಯಾರ, ಚಲೋ ಇತ್ತು. ತಗದಿದ್ದು ತಿಂಗಳೊಪ್ಪತ್ತಿನ್ಯಾಗ ತಿರುಗಿ ತುಂಬತದ. ಡಾಕ್ಟ್ರಿಗಿ ಈಗಲೇ ಫೋನ್ ಹಚ್ಚಲೇನು?"

"ಡಾಕ್ಟ್ರು ಹಂಗಾ ಅಂತಾರ. ಅಣ್ಣ ಅವರ ಬಾಯಿ ಕಟ್ಯಾನಂತ. ನರ್ಸವ್ವ ಮೊದಲಾ ಹೇಳಿದ್ಲು."

ಎಂಥಾ ಚಾಲಾಕಿ ಹೆಂಗಸು! ಸುಳ್ಳು ಹೇಳಿ, ಹೋಗುವಾಗ ಖರೇದಕ್ಕೂ ಚಿಲಕ ಹಾಕಿ ಹೋಗ್ಯಾಳ. ಆ ನರ್ಸ್ ನರ್ಸಲ್ಲ ಅಂತ ಯಶೋದಾ ಕಣ್ಣಾರ ಕಾಣೋ ತನಕ ಈ ಗ್ಲಾಸ್ ಆಕಿ ಬಾಯಿಗಿ ಹೋಗಂಗಿಲ್ಲ.

"ಆಕೀದು ಏನಾರ ನೆನಪದೇನು? ದನಿ, ನಡಿಗಿ, ಏನಾರ?"

"ಮೆತ್ತನ್ನ ಮಾತು. ನನಗ ತಾಯಿಲ್ಲ ನೋಡ್ರಿ, ಹಂಗ ಯಾರೂ ಕೈ ಹಿಡದಿದ್ದಿಲ್ಲ. ಮಾತಾಡಿಕೋಂತ ನನ್ನ ಬಳಿ ತಿರುವತಿದ್ಲು. ಹಿಂಗ, ಒಂದೊಂದಾ."

ನನ್ನ ಕಣ್ಣು ನನ್ನ ಮುಂಗೈ ಮ್ಯಾಲ ಹೋದವು. ನಿನ್ನಿ ದೇವದುರ್ಗದಾಗ ಅದಾ ಕೈ ಹಿಡದು ಕೂತಾಕಿ, ಅದಾ ಬಳಿ.

ಪಡಸಾಲ್ಯಾಗ ಮಾತು ಕೇಳಿಸಿದವು. "ಅತ್ತೀ, ಇಲ್ಲಿ ಮಾಸ್ಕ್ ಹಾಕ್ಕೋಬೇಕ್ರಿ, ತಪ್ಪು ತಿಳಕೋಬ್ಯಾಡ್ರಿ." "ಅಯ್ಯ, ತಪ್ಪೇನಪಾ, ಕೂಸಿನ ಸಲವಾಗಿ."

ಯಶೋದಾ ಆ ದನಿ ಕೇಳಿ ನನ್ನ ಕೈ ಹಿಡಕೊಂಡಳು. ಉಗುರು ಊರಿದವು.

ಹನುಮಂತಮ್ಮ ಒಳಗ ಬಂದಳು. ಇಳಕಲ್ ಸೀರಿ, ಕೈಯಾಗ ಉಂಡಿ ಡಬ್ಬಿ. ನನ್ನ ನೋಡಿ ಒಂದು ಗಳಿಗಿ ತಡದಳು, ಆಮ್ಯಾಲ ಹಾಸಿಗಿ ಬಾಜೂಕ ಕೂತು ಯಶೋದಾನ ಕೈ ಎತ್ತಿಕೊಂಡಳು. ಚಾಳಿ ಅನ್ನೋದು ಮಾಸ್ಕಿನ್ಯಾಗ ಮುಚ್ಚೂದಿಲ್ಲ. ಹಸರ ಬಳಿ ಒಂದೊಂದಾ ತಿರುಗಾಕ ಹತ್ತಿದವು.

"ಹ್ಯಾಂಗದೀ ತಾಯಿ? ಗುಳಿಗಿ ತಗೊಳಾಕತ್ತೀಯಿಲ್ಲೋ?"

ಯಶೋದಾ ನನ್ನ ನೋಡಿದಳು. ಬ್ಯಾಡ ಅಂತಿದ್ದವು ಆ ಕಣ್ಣು, ಹೇಳಬ್ಯಾಡ್ರಿ, ಅಣ್ಣನ ಲಗ್ನ ಮುರೀತದ. ಬಾಗಲದಾಗ ಅಂಬರೀಶ, ಮಾಸ್ಕ್ ಇನ್ನೂ ಕೈಯಾಗ ಹಿಡದು, ನಗಿಮಾರಿ ಮಾಡ್ಕೊಂಡು ನಿಂತಿದ್ದ. ಮಾತಾಡಿದ್ರ ಅವನ ನಗಿ ಹೋಗತದ. ಮಾತಾಡಲಿಲ್ಲಂದ್ರ ಈ ಗ್ಲಾಸ್ ಮಲ್ಲಿಗಿ ಪಾಲಾಗತದ. ಆಗಲಿ ಬಿಡು ಮುರದ್ರ ಮುರೀಲಿ, ಜೀವದ ಮುಂದ ಲಗ್ನ ಯಾವ ಲೆಕ್ಕ ಅಂತ ಬಾಯಿ ತಗದೆ ನಾನು.

ನನ್ನಕಿಂತ ಮೊದಲ ಹಂಪಮ್ಮ ಮಾತಾಡಿದಳು. ಚಾದ ತಾಟು ಹಿಡಕೊಂಡು ಅಂಬರೀಶನ ಹಿಂದ ಬಂದು ನಿಂತಿದ್ಲು, ಅತ್ತ ಕಣ್ಣು ಇನ್ನೂ ಕೆಂಪಿದ್ದವು.

"ಅಯ್ಯ ನರ್ಸವ್ವಾ, ನೀನಾ? ಚಲೋ ಬಂದಿ ನೋಡು! ಕುಡಗೋಲಿನ ಮಜ್ಜಿಗಿ ಕೊಡು ಅಂದ್ಯಲ್ಲ ನೀನು, ಈ ಮೇಡಂ ಅದಾ ವಿಷ ಅಂತಾಳ. ನೀನಾ ಹೇಳು ಈಕೀಗಿ!"

ಬಳಿ ತಿರುಗೂದು ನಿಂತಿತು.

"ಯಾವ ನರ್ಸವ್ವ ಅಜ್ಜಿ?" ಅಂದ ಅಂಬರೀಶ. ನಗಿ ಇನ್ನೂ ಮಾರಿ ಮ್ಯಾಲಾ ಇತ್ತು. "ಇವರು ಸ್ವಪ್ನಾನ ಅವ್ವ. ಇವತ್ತ ಮೊದಲ ಸಲ ಬಂದಾರ."

"ಕಣ್ಣು ಹೋಗ್ಯಾವ, ಕಿವಿ ಹೋಗಿಲ್ಲಪಾ ನಂದು," ಅಂದಳು ಹಂಪಮ್ಮ.

ಯಶೋದಾ ತನ್ನ ಕೈ ಬಿಡಿಸಿಕೊಂಡಳು. ಇನ್ನೊಂದು ಕೈಯಾಗ ಗ್ಲಾಸ್ ಹಂಗಾ ಇತ್ತು. ಇಷ್ಟು ದಿನ ಮೆಲ್ಲಕ ಮಾತಾಡತಿದ್ದ ಹುಡುಗಿ, ಈಗ ಮಿಲ್ಲಿನ ತನಕ ಕೇಳಬೇಕು ಹಂಗ ಕೇಳಿದಳು.

"ಅಣ್ಣನ ರಕ್ತದಾಗ ಬ್ಯಾನಿ ಅದ ಅಂದ್ರಿ ನೀವು. ಖರೇನೋ ಸುಳ್ಳೋ? ಸುಳ್ಳಂದ್ರ ಈಗಲೇ ಇದನ್ನ ಕುಡೀತೀನಿ. ನಿಮ್ಮ ಮ್ಯಾಲ ನನಗ ಸಿಟ್ಟಿಲ್ಲ. ಹೇಳ್ರಿ."

ಹನುಮಂತಮ್ಮ ಮಾಸ್ಕ್ ಕೆಳಗ ಎಳದಳು. ಆಕಿ ಮಾರಿ ತುಂಬ ನೀರಿತ್ತು. "ಸುಳ್ಳಾ ಹೇಳಾಕ ಬಂದಿದ್ದೆ ತಾಯಿ," ಅಂದಳು. "ನನ್ನ ಮಗಳ ಸಲವಾಗಿ. ಸುಳ್ಳಾ ಅಂತ ತಿಳಕೊಂಡಾ ಹೇಳಿದ್ದೆ."

"ಮತ್ತ?"

ಆಕಿ ಯಶೋದಾನ ನೋಡಲಿಲ್ಲ. ಬಾಗಲ ಕಡೆ ತಿರುಗಿ ಅಂಬರೀಶನ ನೋಡಿದಳು.

"ನೀನಾ ಹೇಳಪ್ಪಾ. ಹೋದ ವಾರ ಸ್ವಪ್ನಾಗ ತೋಳಿನ ಮ್ಯಾಲಿನ ಕಲಿ ತೋರಿಸಿದ್ಯಲ್ಲ, ಇಲ್ಲೂ ತೋರಿಸು."

ಅಂಬರೀಶನ ನಗಿ ಹೋತು. ಯಶೋದಾ ಗ್ಲಾಸ್ ಹಿಡಕೊಂಡು ಆತನ ಮಾರೀನಾ ನೋಡಿಕೋಂತ ಕೂತಿದ್ದಳು. ಆತ ಅಂಗಿ ತೋಳು ಇನ್ನಷ್ಟು ಕೆಳಗ ಎಳಕೊಂಡ.